ಟ್ರೈಲರ್ ಮೇಲೆ ಸರಿಯಾಗಿ ಓಡುವ ಜೆಟ್ ಸ್ಕೀ ಗೊರೂರು ಹಿನ್ನೀರಿಗಿಳಿದರೆ ಮುಗ್ಗರಿಸುವುದೇಕೆ?

ದಡದಲ್ಲಿ ಎಂಜಿನ್‌ಗೆ ಲೋಡೇ ಇರುವುದಿಲ್ಲ. ಅಲ್ಲಿ ರೊಯ್ಯೆಂದರೆ ಏನೂ ಸಾಬೀತಾಗದು. ನೀರಿನಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ನೋಡಿ.

ಆರ್‌ಪಿಎಂ ಏರಿಯೂ ಗಾಡಿ ನುಗ್ಗದಿದ್ದರೆ ದೋಷ ನೀರನ್ನು ಹಿಂದಕ್ಕೆ ಚಿಮ್ಮಿಸಿ ಗಾಡಿಯನ್ನು ಮುಂದೆ ತಳ್ಳುವ ಪಂಪಿನದು. ಎಂಜಿನ್ ನಿಲ್ಲಿಸಿ, ಕೀ ತೆಗೆದು, ತಳದ ಜಾಲರಿಯಲ್ಲಿ ಜೊಂಡು, ಬಲೆಯ ನೂಲು ಸಿಕ್ಕಿದೆಯೇ ನೋಡಿ. ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆ) ತುದಿಗೂ ಅದರ ಸುತ್ತಲಿನ ಸವೆಯುವ ಬಳೆಯಾದ ವೇರ್ ರಿಂಗ್‌ಗೂ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿ) ಅಳೆಯಿರಿ, ಸುಮಾರು 0.6 ಮಿ.ಮೀ. ದಾಟಿದ್ದರೆ ರಿಂಗ್ ಬದಲಿಸುವ ಕಾಲ ಬಂದಿದೆ (ನಿಖರ ಮಿತಿ ಮ್ಯಾನುಯಲ್‌ನಲ್ಲಿರುತ್ತದೆ).

ಆರ್‌ಪಿಎಂ ಏರದೇ ಉಸಿರುಗಟ್ಟಿದಂತಾದರೆ ಮೊದಲ ಅನುಮಾನ ಪೆಟ್ರೋಲ್ ಮೇಲೆ. ಇ20 (ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್) ತೇವ ಹೀರುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತದ್ದನ್ನು ಬಸಿದು ತೆಗೆಯುವುದೇ ಲೇಸು. ಆಮೇಲೆ ಹೊಸ ಪ್ಲಗ್, ಫಿಲ್ಟರ್, ಕಾರ್ಬೊರೇಟರ್ ಇದ್ದರೆ ಅದರ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ನೋಡಿ. ಟೂ-ಸ್ಟ್ರೋಕ್ ಆದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯಿರಿ: ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಸಲ್ಲದು.

ಎಲ್ಲರೂ ಮರೆಯುವುದು ಎಕ್ಸಾಸ್ಟ್ ಸೋರಿಕೆ. ಹೊಗೆ ಗಾಡಿಯ ಒಡಲೊಳಗೇ ತುಂಬಿ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ದಡಕ್ಕೆ ಕಟ್ಟಿ, ಸೀಟು ತೆಗೆದು ಓಡಿಸಿದಾಗ ಚೇತರಿಸಿಕೊಂಡರೆ ಹೋಸ್, ಕ್ಲ್ಯಾಂಪ್, ಗ್ಯಾಸ್ಕೆಟ್ ಪರೀಕ್ಷಿಸಿ. ಆ ಹೊಗೆ ವಿಷ, ಮುಖ ಬಗ್ಗಿಸಬೇಡಿ.

ತಂಪಾಗಿಸಲು ನೀರಿನ ಪೈಪ್ ಜೋಡಿಸಿ ದಡದಲ್ಲಿ ಓಡಿಸುವಾಗ ಮೊದಲು ಎಂಜಿನ್, ನಂತರ ನೀರು. ನಿಲ್ಲಿಸುವಾಗ ಮೊದಲು ನೀರು, ನಂತರ ಎಂಜಿನ್. ತಪ್ಪಿದರೆ ಎಕ್ಸಾಸ್ಟ್ ಮೂಲಕ ಸಿಲಿಂಡರ್‌ಗೆ ನೀರು ನುಗ್ಗೀತು.