ಗ್ಲೂಕೋಸ್ ನೀರು ಒಂದೇ, ಲೆಕ್ಕ ಬೇರೆ

(ಅರಸೀಕೆರೆಯ ಓದುಗರೊಬ್ಬರ ಪತ್ರದ ಸಾರ: ಚೊಚ್ಚಲ ಬಸುರಿ ಮಗಳಿಗೆ ಗಂಡನ ಊರಿನ ಆರೋಗ್ಯ ಕೇಂದ್ರದಲ್ಲಿ, ತಿಂಡಿ ತಿಂದು ಹೋಗಿದ್ದಾಗಲೇ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಿದರು. 134 ಬಂತು, 'ಶುಗರ್ ಇಲ್ಲ' ಎಂದರು. ಹತ್ತು ದಿನದ ಮೇಲೆ ತವರಿನ ಖಾಸಗಿ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಗೆ ಬರಹೇಳಿ ಮೂರು ಸಲ ರಕ್ತ ತೆಗೆದರು. 96, 168, 138 ಬಂತು, 'ಶುಗರ್ ಇದೆ' ಎಂದರು. ಯಾರದು ಸುಳ್ಳು? ಖಾಸಗಿಯವರು ದುಡ್ಡಿಗಾಗಿಯೇ ಹೀಗೆಂದರೇ? ಬೀಗರಿಗೆ ಹೇಳಬೇಕೇ?)

ಯಾರದೂ ಸುಳ್ಳಲ್ಲ ತಾಯೀ. ಇಬ್ಬರೂ ಕುಡಿಸಿದ್ದು 75 ಗ್ರಾಂ ಗ್ಲೂಕೋಸೇ. ಆದರೆ ಇಬ್ಬರೂ ನೋಡಿದ್ದು ಬೇರೆ ಬೇರೆ.

ಆರೋಗ್ಯ ಕೇಂದ್ರದವರದು ನಮ್ಮ ಸರ್ಕಾರದ ಕ್ರಮ. ಹೊಟ್ಟೆ ಖಾಲಿಯೋ ತುಂಬಿದೆಯೋ ಕೇಳುವುದಿಲ್ಲ. ಎರಡು ಗಂಟೆಯ ನಂತರ 140 ಮುಟ್ಟಿದರೆ ಶುಗರ್ ಇದೆ ಎಂದು ಲೆಕ್ಕ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ಇದರ ಹಿಂದೆ ಚೆನ್ನೈನ ಡಾ. ವಿ. ಶೇಷಯ್ಯನವರ ದುಡಿಮೆ ಇದೆ. ಯೋಚನೆ ಸರಳ: ಎರಡು ಬಸ್ಸು ಬದಲಿಸಿ ಬಂದ ಬಸುರಿಗೆ 'ನಾಳೆ ಉಪವಾಸ ಬಾ' ಅಂದರೆ ಅವಳು ಬರುವುದಿಲ್ಲ.

ಖಾಸಗಿಯವರು ಹಿಡಿದದ್ದು ಅಂತಾರಾಷ್ಟ್ರೀಯ ಗೆರೆ. ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಯಾವುದೊಂದು ಮುಟ್ಟಿದರೂ ಸಾಕು. ನಿಮ್ಮ ಮಗಳ ಎರಡನೇ, ಮೂರನೇ ಸಂಖ್ಯೆಗಳು ಗೆರೆಯೊಳಗೇ ಇವೆ. ಸಿಕ್ಕಿಬಿದ್ದದ್ದು ಬೆಳಗಿನ ಆ 96. ತಿಂಡಿ ತಿಂದು ಹೋದವಳ ರಕ್ತದಲ್ಲಿ ಅದು ಕಾಣುವ ಮಾತೇ ಇಲ್ಲ. ಚೆನ್ನೈನಲ್ಲೇ ಬೇರೆ ತಜ್ಞರು ಒಂದೇ ಗುಂಪಿನ ಹೆಂಗಸರಿಗೆ ಎರಡೂ ಬಗೆಯ ಪರೀಕ್ಷೆ ಮಾಡಿ, ಉಪವಾಸವಿಲ್ಲದ್ದು ಬಹಳ ಮಂದಿಯನ್ನು ಬಿಟ್ಟುಬಿಡುತ್ತದೆ ಎಂದು 2014ರಲ್ಲಿ ಬರೆದರು. ಜಗಳ ಇನ್ನೂ ಮುಗಿದಿಲ್ಲ.

ಅಮೆರಿಕದಲ್ಲಿ ಇನ್ನೊಂದು ದಾರಿ ಹೆಚ್ಚು ಬಳಕೆಯಲ್ಲಿದೆ. ಮೊದಲು 50 ಗ್ರಾಂ ಕುಡಿಸಿ ಸೋಸುತ್ತಾರೆ. ಅನುಮಾನ ಬಂದವರಿಗೆ ಮಾತ್ರ ಉಪವಾಸದಲ್ಲಿ 100 ಗ್ರಾಂ, ನಾಲ್ಕು ಸಲ ರಕ್ತ, ಎರಡು ಸಂಖ್ಯೆಯಾದರೂ ಮೀರಬೇಕು. ಇದರ ಮೂಲ 1964ರ ಬೋಸ್ಟನ್. ತಮಾಷೆ ಏನೆಂದರೆ, ಅಲ್ಲಿ ಗೆರೆ ಎಳೆದದ್ದು ಮಗುವನ್ನು ನೋಡಿ ಅಲ್ಲ. ಮುಂದೆ ತಾಯಿಗೇ ಸಕ್ಕರೆ ಕಾಯಿಲೆ ಬರುತ್ತದೆಯೇ ಎಂದು ನೋಡಿ. ಮಗುವನ್ನು ನೋಡಿ ಅಳೆದದ್ದು 2008ರ ಹಾಪೋ ಅಧ್ಯಯನ: ಒಂಬತ್ತು ದೇಶ, ಸುಮಾರು 25,000 ಬಸುರಿಯರು. ಅಲ್ಲಿ ಕಂಡದ್ದು, ಸಕ್ಕರೆ ಏರಿದಂತೆ ಅಪಾಯವೂ ನಿಧಾನವಾಗಿ ಏರುತ್ತದೆ, ಮಧ್ಯದಲ್ಲಿ ಎಲ್ಲೂ ಕಂದಕವಿಲ್ಲ. 92 ಎಂಬುದು ತಜ್ಞರು ಕೂತು ಒಪ್ಪಿಕೊಂಡ ಗೆರೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು.

ಬಲೆ ಸಣ್ಣ ಕಣ್ಣಿನದಾದರೆ ಮೀನು ಹೆಚ್ಚು ಬೀಳುತ್ತದೆ, ನಿಜ. 2021ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಹೋಲಿಕೆಯಲ್ಲಿ ಒಂದೇ ಹಂತದ, ಅಂದರೆ ಖಾಲಿ ಹೊಟ್ಟೆಯ 75 ಗ್ರಾಂ ಪರೀಕ್ಷೆಯಿಂದ 16.5%, ಎರಡು ಹಂತದ್ದರಿಂದ 8.5% ಹೆಂಗಸರಿಗೆ ಶುಗರ್ ಎಂದಾಯಿತು. ಹೆರಿಗೆಯ ಫಲಿತಾಂಶಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ 'ದುಡ್ಡಿಗಾಗಿಯೇ' ಎಂಬ ನಿಮ್ಮ ಅನುಮಾನ ಒಪ್ಪದಿದ್ದರೂ, ಆ ಸಿಡುಕು ನನಗೆ ಅರ್ಥವಾಗುತ್ತದೆ.

ಆದರೆ ನೀವು ಪತ್ರದ ಕೊನೆಗೆ, ಮರೆತು ಸೇರಿಸಿದಂತೆ ಒಂದು ಸಾಲು ಬರೆದಿದ್ದೀರಿ: 'ಆ ದಿನ ಆರೋಗ್ಯ ಕೇಂದ್ರದಲ್ಲಿ ಕುಡಿದ ಕಾಲು ಗಂಟೆಗೇ ವಾಂತಿ ಮಾಡಿಕೊಂಡಳಂತೆ.' ನಾನು ಅಲ್ಲೇ ನಿಂತುಬಿಟ್ಟೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾರನೇ ದಿನ ಮತ್ತೆ ಮಾಡಬೇಕೆಂದು ಸರ್ಕಾರದ ಸೂಚನೆಯಲ್ಲೇ ಇದೆ. ಹೊಟ್ಟೆಯಲ್ಲಿ ಎಷ್ಟು ಗ್ರಾಂ ಉಳಿಯಿತೋ ಯಾರಿಗೆ ಗೊತ್ತು? ಆ 134ನ್ನು ನಂಬಿ ಕೂರಬೇಡಿ. ಬಿಳಿ ಪುಡಿಯನ್ನು 300 ಮಿ.ಲೀ. ನೀರಿಗೆ ಕಲಸಿದರೆ ಪಾಯಸದ ಗಡಿಗೆ ತೊಳೆದ ನೀರಿನಂತೆ ಗಂಟಲಲ್ಲೇ ನಿಲ್ಲುತ್ತದೆ. ಗಟಗಟ ಕುಡಿದರೆ ವಾಪಸ್ಸು ಬರುವುದು ಸಹಜ, ಅದಕ್ಕೇ ಐದು-ಹತ್ತು ನಿಮಿಷದ ಅವಕಾಶ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಸಾಲದೇ ಎಂದು ಕೇಳಿದ್ದೀರಿ. ಬಸುರಿನಲ್ಲಿ ಸಾಲದು, ರಕ್ತಹೀನತೆ ಇದ್ದರಂತೂ ಅದು ದಾರಿ ತಪ್ಪಿಸುತ್ತದೆ. ಮೂತ್ರವೂ ಅಷ್ಟೇ. ನಮ್ಮಕ್ಕನ ಕಾಲದಲ್ಲಿ ನೀಲಿ ದ್ರಾವಣಕ್ಕೆ ಮೂತ್ರ ಹಾಕಿ ಕಾಯಿಸುತ್ತಿದ್ದರು. ಅದು ಹಸಿರಿಗೆ ತಿರುಗಿದಾಗ ಮನೆಯೆಲ್ಲ ಅಳುಮೋರೆ. ರಕ್ತದಲ್ಲಿ ಏನೂ ಇರಲಿಲ್ಲ. ಬಸುರಿಯ ಮೂತ್ರಪಿಂಡ ಸ್ವಲ್ಪ ಸಕ್ಕರೆಯನ್ನು ಹಾಗೇ ಸೋರಲು ಬಿಡುತ್ತದೆ.

ಈಗ ಮಾಡಬೇಕಾದ್ದು: 96ಕ್ಕೆ ಹೆದರಬೇಡಿ, ಸುಮ್ಮನೆಯೂ ಕೂರಬೇಡಿ. ಸಾಮಾನ್ಯವಾಗಿ ಮೊದಲು ಎರಡು ವಾರ ಊಟದಲ್ಲೇ ಸರಿಪಡಿಸಲು ನೋಡುತ್ತಾರೆ. ಮುದ್ದೆ ಸಣ್ಣದು, ಸೊಪ್ಪಿನ ಸಾರು ದೊಡ್ಡದು, ಎರಡು ತುತ್ತಿನ ನಡುವೆ ಬಹಳ ಹೊತ್ತು ಹೋಗದಂತೆ. ಸೀಮಂತದ ಮೈಸೂರುಪಾಕನ್ನು ನೆಂಟರು ತಿನ್ನಲಿ. ಆಮೇಲೂ ಖಾಲಿ ಹೊಟ್ಟೆಗೆ 95, ಊಟವಾದ ಎರಡು ಗಂಟೆಗೆ 120ರೊಳಗೆ ಬರದಿದ್ದರೆ ಔಷಧದ ಮಾತನ್ನು ವೈದ್ಯರೇ ಎತ್ತುತ್ತಾರೆ. ಹೆರಿಗೆಯಾಗಿ ಆರು ವಾರಕ್ಕೆ ಇನ್ನೊಂದು ಪರೀಕ್ಷೆ ಇದೆ. ಬಾಣಂತನದ ಗಲಾಟೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಬೀಗರಿಗೆ? ಹೇಳಿ. ಎರಡೂ ರಿಪೋರ್ಟನ್ನು ತಾಯಿ ಕಾರ್ಡಿಗೇ ಪಿನ್ ಮಾಡಿ, ವಾಂತಿಯ ವಿಷಯವನ್ನು ಪಕ್ಕದಲ್ಲಿ ಪೆನ್ನಿನಲ್ಲಿ ಬರೆದಿಡಿ. ಹೆರಿಗೆ ಮಾಡಿಸುವವರು ಅದನ್ನೇ ಮೊದಲು ಓದಬೇಕು.

— ಸಂ.