ಫ್ರಾನ್ಸ್: ಮೊದಲ ಸುತ್ತೇ ಫಲಿತಾಂಶವಲ್ಲ

ಪ್ರಶ್ನೆ: ಫ್ರಾನ್ಸ್ ಅಧ್ಯಕ್ಷರ ಚುನಾವಣೆಯ ಬಗ್ಗೆ ಹೊರಗಿನವರ ಲೆಕ್ಕ ಯಾಕೆ ತಪ್ಪುತ್ತದೆ? – ಓದುಗರು, ಡೊಂಬಿವಲಿ

ಉತ್ತರ: ಮುಂಬೈಯಲ್ಲಿ ಕೂತ ನಾವು ಲೋಕಸಭೆಯ ಅಳತೆಗೋಲು ಹಿಡಿಯುತ್ತೇವೆ, ಇಲ್ಲಿ ಒಂದು ಮತ ಹೆಚ್ಚಿದ್ದರೂ ಗೆಲುವೇ. ಅಲ್ಲಿ ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಬರದಿದ್ದರೆ ಎರಡು ವಾರ ಬಿಟ್ಟು ಮೊದಲಿಬ್ಬರಿಗಷ್ಟೇ ಮತ್ತೆ ಮತದಾನ. 2002ರಲ್ಲಿ 16 ಅಭ್ಯರ್ಥಿಗಳು. ಎಡಪಂಥೀಯ ಮತ ಚದುರಿ ಪ್ರಧಾನಿ ಜೋಸ್ಪ್ಯಾಂ ಶೇ 16.18ಕ್ಕೆ ನಿಂತರು, ಶೇ 16.86 ಪಡೆದ ತೀವ್ರ ಬಲಪಂಥೀಯ ನಾಯಕ ಜೀನ್-ಮರಿ ಲೆ ಪೆನ್ ಎರಡನೇ ಸುತ್ತಿಗೆ ಹೋದರು. ಹೊರಗಿನವರು ಹೌಹಾರಿದರು. ಆದರೆ ಮೊದಲ ಸುತ್ತಿನಲ್ಲಿ ಶೇ 19.88ರಲ್ಲಿದ್ದ ಬಲಪಂಥೀಯ ಅಧ್ಯಕ್ಷ ಶಿರಾಕ್ ಎರಡನೇ ಸುತ್ತಿನಲ್ಲಿ ಶೇ 82.21ಕ್ಕೆ ಏರಿದರು. ಲೆ ಪೆನ್‌ರನ್ನು ತಡೆಯಬೇಕೆಂದೇ ಎಡಪಂಥೀಯರೂ ಶಿರಾಕ್ ಹೆಸರಿನ ಮತಚೀಟಿಯನ್ನು ಲಕೋಟೆಗೆ ಹಾಕಿದ್ದರು (ಅಲ್ಲಿ ಮತ ಹಾಕುವುದು ಹೀಗೆ).

ಹಾಗಾಗಿ ಮೊದಲ ಸುತ್ತಿನ ರಾತ್ರಿ, ಸೋತವರು ಯಾರಿಗೆ ಬೆಂಬಲ ಸಾರುತ್ತಾರೆಂದು ಮೊದಲು ಗಮನಿಸಿ. ಯಾರ ಚೀಟಿಯೂ ಇಲ್ಲದ ಖಾಲಿ ಲಕೋಟೆಗಳನ್ನು ಬೇರೆಯಾಗಿ ಎಣಿಸುತ್ತಾರೆ. ಅವು ಶೇಕಡಾವಾರು ಲೆಕ್ಕಕ್ಕೆ ಸೇರುವುದಿಲ್ಲ.