‘ನನಗೆ ಹಾಗನಿಸಿದೆ’ ಎಂದರೆ ಮುಗಿಯಿತೇ?

ಪ್ರಶ್ನೆ: ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಯಾವುದೋ ವಿಡಿಯೋ ನೋಡಿದ ಅಣ್ಣ ಅವರ ಮಾತ್ರೆ ನಿಲ್ಲಿಸಿದ್ದಾನೆ. ಪಥ್ಯ ಒಂದೇ ಸಾಕಂತೆ. ಜಗಳ ಆಡಿದರೆ, ‘ನನಗೆ ಇದೇ ನಿಜ ಅನಿಸಿದೆ. ಅನಿಸೋದು, ಬಿಡೋದು ನನ್ನ ಕೈಯಲ್ಲಿದೆಯಾ?’ ಎನ್ನುತ್ತಾನೆ. ನಂಬಿಕೆ ನಮ್ಮ ಆಯ್ಕೆಯೇ ಅಲ್ಲದಿದ್ದರೆ ಅವನನ್ನು ದೂರುವುದು ತಪ್ಪಲ್ವಾ?

ಉತ್ತರ: ಮೊದಲು ಮಾತ್ರೆಯ ವಿಷಯ. ತಂದೆಯನ್ನು ಇನ್ನೂ ವೈದ್ಯರಿಗೆ ತೋರಿಸಿಲ್ಲವಾದರೆ ಪತ್ರಿಕೆ ಮಡಚಿಟ್ಟು ಇವತ್ತೇ ಕರೆದುಕೊಂಡು ಹೋಗಿ. ಉಳಿದದ್ದನ್ನು ಬಂದ ಮೇಲೆ ಓದಬಹುದು.

ನಿಮ್ಮ ಅಣ್ಣ ಹೇಳುವುದರಲ್ಲಿ ಅರ್ಧ ನಿಜ ಇದೆ. ತರಗತಿಯಲ್ಲಿ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ: ‘ಈ ಕೋಣೆಯಲ್ಲಿ ಈಗ ಮಳೆ ಸುರಿಯುತ್ತಿದೆ ಎಂದು ನಂಬಿ ನೋಡೋಣ.’ ಯಾರಿಂದಲೂ ಆಗುತ್ತಿರಲಿಲ್ಲ. ನಂಬಿದವರ ಹಾಗೆ ನಟಿಸಬಹುದು, ಅಷ್ಟೇ. ಕೈ ಎತ್ತಿದ ಹಾಗೆ ನಂಬಿಕೆಯನ್ನು ಎತ್ತಲು ಬರುವುದಿಲ್ಲ.

ಆದರೆ ಅಲ್ಲಿಗೆ ತಲುಪುವ ದಾರಿ ನಮ್ಮ ಕೈಯಲ್ಲೇ ಇರುತ್ತದೆ. 17ನೇ ಶತಮಾನದ ಫ್ರಾನ್ಸಿನ ಗಣಿತಜ್ಞ, ಚಿಂತಕ ಪಾಸ್ಕಲ್ ಇದನ್ನು ಚೆನ್ನಾಗಿ ಬಲ್ಲವನು. ದೇವರನ್ನು ನಂಬಬೇಕೆಂದಿದ್ದರೂ ನಂಬಲಾಗದವರಿಗೆ ಅವನು ಕೊಟ್ಟ ಸಲಹೆ: ನಂಬಿದವರು ಮಾಡುವುದನ್ನೆಲ್ಲ ಮಾಡುತ್ತಾ ಹೋಗಿ, ನಂಬಿಕೆ ತಾನೇ ಬರುತ್ತದೆ. ನಿಮ್ಮ ಅಣ್ಣನಿಗೂ ಹಾಗೇ ಆಗಿರಬಹುದು. ಮೊದಲು ಒಂದು ವಿಡಿಯೋ, ಆಮೇಲೆ ಅದೇ ತರಹದ್ದು ಇನ್ನೊಂದು. ಎದುರು ಮಾತಾಡುವ ಒಂದನ್ನಾದರೂ ಪೂರ್ತಿ ನೋಡಿದ್ದಾನೆಯೇ? ವೈದ್ಯರನ್ನು ಒಂದು ಮಾತು ಕೇಳಿದ್ದಾನೆಯೇ? ನೋಡುವುದು, ಕೇಳುವುದು ಅವನ ಕೈಯಲ್ಲಿತ್ತು.

ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಒಬ್ಬ ಹಡಗಿನ ಮಾಲೀಕನ ಕಥೆ ಹೇಳಿದ. ಹಳೇ ಹಡಗು. ಮಾಲೀಕನಿಗೆ ಅನುಮಾನ ಬರುತ್ತದೆ. ಪರೀಕ್ಷೆ, ರಿಪೇರಿ ಎಂದರೆ ಖರ್ಚು. ಇಷ್ಟು ಸಲ ಹೋಗಿ ಬಂದ ಹಡಗು ಈಗಲೂ ಬರುತ್ತದೆ ಎಂದು ಮನಸ್ಸನ್ನು ಒಪ್ಪಿಸುತ್ತಾನೆ. ಕೊನೆಗೆ ನಿಜವಾಗಿಯೂ ನಂಬುತ್ತಾನೆ. ಹಡಗು ಜನರ ಸಮೇತ ಮುಳುಗುತ್ತದೆ. ಅವನು ಮನಸಾರೆ ನಂಬಿದ್ದ ಎಂಬುದು ಕ್ಷಮೆಗೆ ಕಾರಣವಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಮುಳುಗದೆ ದಡ ಸೇರಿದ್ದರೂ ತಪ್ಪು ಅಷ್ಟೇ ಇರುತ್ತಿತ್ತಂತೆ! 1870ರಲ್ಲಿ ಗ್ರಹಣ ನೋಡಲು ಹೊರಟಾಗ ಕ್ಲಿಫರ್ಡನೇ ಇದ್ದ ಹಡಗು ಸಿಸಿಲಿ ಬಳಿ ಅಪಘಾತಕ್ಕೆ ಸಿಕ್ಕಿತ್ತು. ಬದುಕಿ ಬಂದವನ ಮಾತು ಇದು.

ಸಾಕಷ್ಟು ಆಧಾರ ಇಲ್ಲದೆ ಯಾರೂ, ಎಲ್ಲೂ, ಏನನ್ನೂ ನಂಬಬಾರದು ಎಂದೂ ಅವನು ಹೇಳಿದ. ಅದು ಜಾಸ್ತಿಯಾಯಿತು ಎಂದು ನನ್ನ ಅಭಿಪ್ರಾಯ. ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದದ್ದನ್ನು ನಂಬಿದವರನ್ನು, ಹೆದರಿ ಕಂಗಾಲಾಗಿ ಸಿಕ್ಕಿದ್ದನ್ನು ನಂಬಿದವರನ್ನು ನಾನು ದೂರಲಾರೆ. ನಿಮ್ಮ ಅಣ್ಣನಿಗೂ ತಂದೆಯ ಬಗ್ಗೆ ಭಯ ಇರಬಹುದು. ಆದರೆ ಇನ್ನೊಬ್ಬರ ಜೀವ ನಮ್ಮ ನಂಬಿಕೆಯ ಮೇಲೆ ನಿಂತಾಗ ವಿಚಾರಿಸಿ ನೋಡುವ ಹೊಣೆ ದೊಡ್ಡದಾಗುತ್ತದೆ.

ಹಾಗಾಗಿ ‘ಯಾಕೆ ನಂಬಿದೆ?’ ಎಂದು ಜಗಳ ಬೇಡ. ಬೇರೆ ಪ್ರಶ್ನೆ ಕೇಳಿ: ‘ಅಣ್ಣಾ, ಏನು ಕಂಡರೆ ನಿನ್ನ ಅಭಿಪ್ರಾಯ ಬದಲಾಗುತ್ತದೆ?’ ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಸುಮಾರು 3 ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ತಂದೆಯ ಹಳೇ ರಿಪೋರ್ಟಿನ ಪಕ್ಕ ಹೊಸದನ್ನಿಟ್ಟು ವೈದ್ಯರ ಮುಂದೆ ಇಬ್ಬರೂ ಕೂತು ನೋಡಿ. ನೋಡುವುದೇ ಇಲ್ಲ ಎಂದರೆ, ಆಗ ಧಾರಾಳವಾಗಿ ದೂರಿ. ನೋಡದೇ ಇರುವುದು ಅವನೇ ಮಾಡಿಕೊಂಡ ತೀರ್ಮಾನ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಅಣ್ಣನ ನಂಬಿಕೆ ಇದೆ, ನಿಮ್ಮ ನಂಬಿಕೆ ಇದೆ. ಮಾತ್ರೆ ನುಂಗಬೇಕಾದ ತಂದೆ ಏನೆನ್ನುತ್ತಾರೆ ಎಂಬುದೇ ಇಲ್ಲ. ಪರೀಕ್ಷೆಗೆ ಹೋಗುವ ಮೊದಲು ಅವರನ್ನೂ ಕೇಳಿ.